ಪಿಸ್ಟನ್ ಗೀರಿದ ಚೈನ್‌ಸಾ: ಹೊಸ ಪಿಸ್ಟನ್ ಕಿಟ್ ಹಾಕಿದ್ರೆ ಸಾಕಾ?

ಪ್ರಶ್ನೆ: ಸರ್, ಹಳೇ ಚೈನ್‌ಸಾ ಒಂದು ಕೈಗೆ ಸಿಕ್ಕಿದೆ. ಓಡ್ತಾ ಓಡ್ತಾನೇ ನಿಂತು ಹೋಗಿದ್ದಂತೆ, ಹಗ್ಗ ಎಳೆದ್ರೆ ಸಲೀಸಾಗಿ ತಿರುಗತ್ತೆ, ಕಂಪ್ರೆಷನ್ನೇ ಇಲ್ಲ. ಸೈಲೆನ್ಸರ್ ಬಿಚ್ಚಿ ಇಣುಕಿದ್ರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು. ಬಿಡುವಿದ್ದಾಗ ಕೂತು ನಾನೇ ಸರಿ ಮಾಡ್ಬೇಕು ಅಂತ ಆಸೆ. ಬೋರ್ ಮಾಡಿಸಿ (ಅಂದ್ರೆ ಸಿಲಿಂಡರ್ ಒಳಗೆ ಕೊರೆಸಿ) ಹೊಸ ಪಿಸ್ಟನ್ ಹಾಕಿದ್ರೆ ಆಗತ್ತಾ?

ಉತ್ತರ: ಆಸೆ ಒಳ್ಳೇದೇ, ಆದ್ರೆ ಪಿಸ್ಟನ್ ಈಗ್ಲೇ ತರಬೇಡಿ. ಅದು ಯಾಕೆ ಹಾಳಾಯ್ತು ಅಂತ ಗೊತ್ತಾಗದೆ ಹೊಸದು ಹಾಕಿದ್ರೆ ಅದೂ ಅದೇ ದಾರಿ ಹಿಡಿಯತ್ತೆ. ನಾನು ಒಂದು ಮಷೀನಿಗೆ ಹಾಗೇ ಅವಸರದಲ್ಲಿ ಕಿಟ್ ಹಾಕಿ, ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯೋದ್ರೊಳಗೆ ಮತ್ತೆ ಸೀಜ್ ಆಗಿತ್ತು, ಕ್ರ್ಯಾಂಕ್ ಸೀಲ್ (ಎಂಜಿನ್ ತಿರುಗೋ ಶಾಫ್ಟಿನ ಸುತ್ತ ಗಾಳಿ ತಡೆಯೋ ರಬ್ಬರ್ ಬಳೆ) ಒಣಗಿ ಗಾಳಿ ಎಳೀತಿತ್ತು, ಅದನ್ನ ನಾನು ನೋಡೇ ಇರ್ಲಿಲ್ಲ.

ಹಳೇ ಪಿಸ್ಟನ್ನೇ ಕಾರಣ ಹೇಳತ್ತೆ, ಎಸೀಬೇಡಿ. ಗೀರು ಸೈಲೆನ್ಸರ್ ಕಡೆ ಮಾತ್ರ ಇದ್ರೆ ಸಾಮಾನ್ಯವಾಗಿ ಆಯಿಲ್ ಕಮ್ಮಿ ಆಗಿದೆ ಅಥವಾ ಗಾಳಿ ಜಾಸ್ತಿ ಆಗಿ ಪೆಟ್ರೋಲ್ ಸಾಲದೆ ಕಾದಿದೆ ಅಂತ. ಕಾರ್ಬೊರೇಟರ್ ಕಡೆ ಬೂದು ಬಣ್ಣಕ್ಕೆ ತಿರುಗಿ ಸವೆದಿದ್ರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ.

ಬೋರ್ ಮಾಡಿಸೋ ಮಾತು ಬಿಟ್ಟುಬಿಡಿ. ಹೆಚ್ಚಿನ ಚೈನ್‌ಸಾಗಳ ಸಿಲಿಂಡರ್ ಅಲ್ಯೂಮಿನಿಯಂದು, ಒಳಗೆ ಕ್ರೋಮ್ ಅಥವಾ ನಿಕಾಸಿಲ್ (ನಿಕ್ಕಲ್ ಬೆರೆತ ಗಟ್ಟಿ ಲೇಪ) ತೆಳ್ಳಗೆ ಇರತ್ತೆ, ಕೊರೆದ್ರೆ ಲೇಪವೇ ಹೋಗತ್ತೆ. ಎಷ್ಟೋ ಸಲ ಗೀರಿನ ಹಾಗೆ ಕಾಣೋದು ಪಿಸ್ಟನ್ನಿಂದ ಕರಗಿ ಅಂಟಿಕೊಂಡ ಅಲ್ಯೂಮಿನಿಯಂ ಅಷ್ಟೇ. ಲೇಪ ನಿಕಾಸಿಲ್ ಆಗಿದ್ರೆ (ಕ್ರೋಮ್ ಆದ್ರೆ ಬೇಡ, ಆಸಿಡ್ ಅದನ್ನೂ ತಿನ್ನತ್ತೆ) ಹತ್ತಿ ಸುತ್ತಿದ ಕಡ್ಡಿಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಒಂಚೂರು ಅದ್ದಿ ಆ ಕಲೆ ಮೇಲೆ ಮಾತ್ರ ಮುಟ್ಟಿಸಿ, ಬುಸುಬುಸು ಅಂತ ನೊರೆ ಬರತ್ತೆ, ಅಂಟಿದ್ದು ಕರಗಿ ಮುಗಿದ ಮೇಲೆ ನೊರೆ ನಿಲ್ಲತ್ತೆ. ನಿಲ್ಲದೇ ಬರ್ತಾನೇ ಇದ್ರೆ ಲೇಪ ಕಿತ್ತು ಹೋಗಿದೆ, ತಕ್ಷಣ ತೊಳೀರಿ, ಆ ಸಿಲಿಂಡರ್ ಬದಲಾಯಿಸೋದೇ ಸರಿ. ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡೋ ಕಿಂಡಿ) ಅಂಚಿಗೆ ಆಸಿಡ್ ತಾಗಬಾರದು. ಬಯಲಲ್ಲಿ, ಗ್ಲೌಸು ಕನ್ನಡಕ ಹಾಕ್ಕೊಂಡೇ ಮಾಡಿ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು ಉಗುರು ಆಡಿಸಿ ನೋಡಿ, ಎಲ್ಲೂ ಸಿಕ್ಕಿಕೊಳ್ಳದೇ ಇದ್ರೆ ಸಿಲಿಂಡರ್ ಉಳೀತು.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ, ರಿಂಗಿನ ತುದಿಗಳು ರಿಂಗ್ ಕೂರೋ ಗೆರೆಯಲ್ಲಿರೋ ಪುಟ್ಟ ಪಿನ್‌ಗೆ ಸರಿಯಾಗಿ ಕೂರಲಿ, ಪಿಸ್ಟನ್ ಪಿನ್ ಹಿಡಿದಿಡೋ ಲಾಕ್ ಕ್ಲಿಪ್ ಹಳೇದು ಮತ್ತೆ ಹಾಕ್ಲೇಬೇಡಿ. ಕ್ಲಚ್ ಬಿಚ್ಚೋ ಕೆಲಸ ಬಂದ್ರೆ ಸಾಮಾನ್ಯವಾಗಿ ಅದರ ಥ್ರೆಡ್ ಉಲ್ಟಾ ಇರತ್ತೆ, ನೆನಪಿರಲಿ.

ಸ್ಟಾರ್ಟ್ ಮಾಡೋ ಮುಂಚೆ ಲೀಕ್ ಟೆಸ್ಟ್ ಮಾಡ್ಲೇಬೇಕು. ಇನ್‌ಟೇಕ್ (ಕಾರ್ಬೊರೇಟರ್ ಕೂರೋ ಕಡೆ), ಸೈಲೆನ್ಸರ್ ಎರಡೂ ಬಾಯಿಗೆ ರಬ್ಬರ್ ಕೊಟ್ಟು ಮುಚ್ಚಿ, ಪ್ಲಗ್ ತೂತಿಂದ ಸುಮಾರು 0.5 ಬಾರ್ ಗಾಳಿ ತುಂಬಿ ಸೋಪ್ ನೀರು ಹಚ್ಚಿ, ಗುಳ್ಳೆ ಎದ್ದ ಕಡೆ ಲೀಕ್. ವ್ಯಾಕ್ಯೂಮ್ ಎಳೆದೂ ನೋಡಿ, ಯಾಕಂದ್ರೆ ಕೆಲವು ಸೀಲು ಒಳಗಿನ ಒತ್ತಡ ತಡಕೊಂಡು ಹೊರಗಿನ ಗಾಳಿಯನ್ನ ಒಳಗೆ ಬಿಡತ್ತೆ. ಗಟ್ಟಿಯಾದ ಪೆಟ್ರೋಲ್ ಪೈಪು, ಟ್ಯಾಂಕ್ ಫಿಲ್ಟರ್, ಕಾರ್ಬೊರೇಟರ್ ಡಯಾಫ್ರಮ್ ಇವನ್ನ ಹೊಸದೇ ಹಾಕಿ.

ಪ್ರಶ್ನೆ: ಆಯಿಲ್ ಎಷ್ಟು, ಕಾರ್ಬೊರೇಟರ್ ಎಲ್ಲಿಗೆ ಸೆಟ್ ಮಾಡ್ಬೇಕು?

ಉತ್ತರ: ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು, 50:1 ಅಂತಿದ್ರೆ ಲೀಟರಿಗೆ 20 ಎಂಎಲ್ 2ಟಿ ಆಯಿಲ್. ಎಚ್ ಸ್ಕ್ರೂ (ಕಾರ್ಬೊರೇಟರಲ್ಲಿ ಫುಲ್ ಸ್ಪೀಡಿನ ಪೆಟ್ರೋಲ್ ಹದ ಮಾಡೋದು) ಮೊದಲು ಪೆಟ್ರೋಲ್ ಜಾಸ್ತಿ ಬರೋ ಹಾಗೇ ಇಡಿ. ಲೋಡ್ ಇಲ್ಲದೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಸ್ವಲ್ಪ ಒಡಕಾಗಿ ತೊದಲಬೇಕು, ಮರಕ್ಕೆ ಇಟ್ಟ ತಕ್ಷಣ ಆ ತೊದಲು ಹೋಗಿ ಸಾಫಾಗಬೇಕು. ಲೋಡ್ ಇಲ್ಲದಾಗಲೂ ಕೀರಲು ದನಿಯಲ್ಲಿ ಕಿರುಚ್ತಿದ್ರೆ ಆಗಲೇ ಆಫ್ ಮಾಡಿ.