ಬ್ಯಾಂಕ್ ಹಾಲಿಡೇಗೆ ಕೇಂಬ್ರಿಡ್ಜ್: ಕಾರನ್ನು ಊರಾಚೆ ಬಿಡಿ, ಕಾಲೇಜುಗಳ ಲೆಕ್ಕವನ್ನೂ ಬಿಡಿ

ಊರಿಂದ ಬಂದಿರುವ ಅತ್ತೆ-ಮಾವ, ಇಬ್ಬರು ಮಕ್ಕಳು, ಆಗಸ್ಟ್ ಕೊನೆಯ ಸೋಮವಾರದ ರಜೆ, ಮಿಲ್ಟನ್ ಕೀನ್ಸ್‌ನಿಂದ ಕಾರು. ಕಿಂಗ್ಸ್ ಕಾಲೇಜಿಗೆ ಹತ್ತಿರದ ಪಾರ್ಕಿಂಗ್ ಯಾವುದು, ಒಂದು ದಿನದಲ್ಲಿ ಎಷ್ಟು ಕಾಲೇಜು ಮುಗಿಸಬಹುದು ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಹೊರಟವನು. ಅರ್ಧ ದಿನ ಪಾರ್ಕಿಂಗ್ ಕ್ಯೂನಲ್ಲೇ ಹೋಯಿತು.

ನಾವಿರುವುದು ಬೆಡ್‌ಫರ್ಡ್‌ನಲ್ಲಿ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದರು. ತಿಂಡಿ ಮುಗಿಸಿ ಹತ್ತಕ್ಕೆ ಹೊರಟು, ಸ್ಯಾಟ್‌ನ್ಯಾವ್‌ಗೆ ಕಾಲೇಜಿನ ಪೋಸ್ಟ್‌ಕೋಡ್ ಹಾಕಿದೆ. ತಪ್ಪು ಅಲ್ಲೇ ಆಯಿತು. ಸ್ಯಾಟ್‌ನ್ಯಾವ್ ಕರೆದುಕೊಂಡು ಹೋಗುವುದು ಕಾಲೇಜಿನ ಬಾಗಿಲ ಕಡೆಗೆ, ಆದರೆ ಆ ಬಾಗಿಲ ಮುಂದೆ ಕಾರು ನಿಲ್ಲಿಸಲು ಜಾಗವೇ ಇಲ್ಲ. ಹಾಗಾಗಿ ಊರಿನ ನಡುವಿನ ಬಹುಮಹಡಿ ಪಾರ್ಕಿಂಗ್‌ಗೆ ತಿರುಗಿದೆ. ಅಷ್ಟರಲ್ಲಿ ಹನ್ನೊಂದು ದಾಟಿತ್ತು, ಮುಂದೆ ಇಪ್ಪತ್ತು ಕಾರು.

ಇಪ್ಪತ್ತು ಕಾರು ತಾನೇ, ಇಪ್ಪತ್ತು ನಿಮಿಷ ಅಂದುಕೊಂಡೆ. ಲೆಕ್ಕ ಹಾಗೆ ನಡೆಯುವುದಿಲ್ಲ, ಇದನ್ನು ಬಿಡಿಸಿಯೇ ಹೇಳುತ್ತೇನೆ. ಪಾರ್ಕಿಂಗ್ ತುಂಬಿದ ಮೇಲೆ ಒಂದು ಕಾರು ಹೊರಗೆ ಬಂದರೆ ಮಾತ್ರ ಒಂದು ಕಾರು ಒಳಗೆ ಹೋಗುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಬಂದವರು ದೋಣಿ, ಊಟ, ಅಂಗಡಿ ಎಲ್ಲ ಮುಗಿಸಿ ಹೊರಡುವುದು ಮಧ್ಯಾಹ್ನ ಮೂರರ ಮೇಲೆ. ಅಂದರೆ ಹನ್ನೊಂದರಿಂದ ಮೂರರವರೆಗೆ ಒಳಗಿನವರಲ್ಲಿ ಹೆಚ್ಚಿನವರು ಅಲ್ಲಾಡುವುದಿಲ್ಲ, ಕ್ಯೂ ಮಾತ್ರ ಬೆಳೆಯುತ್ತದೆ. ಬಿಟ್ಟು ಹೋಗೋಣವೆಂದರೆ ಒಂದೇ ಸಾಲಿನ ರಸ್ತೆ, ತಿರುಗಿಸಲು ಜಾಗವಿಲ್ಲ. ಗಾಬರಿಯಲ್ಲಿ ಪಕ್ಕದ ಬೀದಿಗೆ ನುಗ್ಗಿದರೆ ಅದು ಬಸ್ಸು, ಟ್ಯಾಕ್ಸಿಗೆ ಮಾತ್ರ ಇರುವ ದಾರಿಯಾಗಿರಬಹುದು. ಕ್ಯಾಮೆರಾ ನಂಬರ್ ಹಿಡಿದರೆ ದಂಡದ ನೋಟಿಸ್ ಮನೆಗೇ ಬರುತ್ತದೆ.

ಒಂದು ಗಂಟೆ ಇಪ್ಪತ್ತು ನಿಮಿಷ ಅಲ್ಲಿದ್ದೆವು. ಹನ್ನೊಂದೂಮುಕ್ಕಾಲಿಗೆ ಕಾಯ್ದಿರಿಸಿದ್ದ ದೋಣಿ ಹೋಯಿತು, ಹಣ ವಾಪಸ್ ಬರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ನದಿ ದಂಡೆಯಲ್ಲಿ ತಿನ್ನೋಣವೆಂದು ಅಮ್ಮ ಕಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಕಾರಿನಲ್ಲೇ ಬಿಚ್ಚಬೇಕಾಯಿತು. ಅಪ್ಪ ಮೊಣಕಾಲ ಮೇಲೆ ಕರವಸ್ತ್ರ ಹಾಸಿಕೊಂಡು, ಮಾತಿಲ್ಲದೆ ತಿಂದರು.

ಆದ್ದರಿಂದ ಹತ್ತಿರದ ಪಾರ್ಕಿಂಗ್ ಹುಡುಕಲೇಬೇಡಿ. ನಿಮ್ಮ ಕಡೆಯಿಂದ ಬರುವವರಿಗೆ ಮ್ಯಾಡಿಂಗ್ಲಿ ರೋಡ್ ಪಾರ್ಕ್ ಅಂಡ್ ರೈಡ್ ಸರಿ, ಎಂ11 ಹೆದ್ದಾರಿಯ 13ನೇ ಜಂಕ್ಷನ್ ಪಕ್ಕದಲ್ಲೇ ಇದೆ. ಲಂಡನ್ ಕಡೆಯಿಂದ ಬರುವವರಿಗೆ 11ನೇ ಜಂಕ್ಷನ್ನಿನ ಟ್ರಂಪಿಂಗ್ಟನ್. ಸ್ಯಾಟ್‌ನ್ಯಾವ್‌ಗೆ ಅದರ ಹೆಸರನ್ನೇ ಹಾಕಿ. ಕಾರು ನಿಲ್ಲಿಸಿ ಬಸ್ ಹತ್ತಿದರೆ ಊರಿನ ನಡುವೆ ಇಳಿಯುತ್ತೀರಿ. ರಜಾದಿನ ಬಸ್ಸುಗಳ ವೇಳಾಪಟ್ಟಿ ಬೇರೆ, ಸಂಜೆ ಬೇಗ ನಿಲ್ಲುತ್ತವೆ. ಇಳಿದ ಕೂಡಲೇ ನಿಲ್ದಾಣದ ಬೋರ್ಡಿನಲ್ಲಿ ಕೊನೆಯ ಬಸ್ಸಿನ ಹೊತ್ತಿನ ಫೋಟೋ ತೆಗೆದಿಟ್ಟುಕೊಳ್ಳಿ. ಒಂಬತ್ತೂವರೆಯೊಳಗೆ ಕಾರು ನಿಂತಿರಲಿ.

ಇನ್ನು ಎಷ್ಟು ಕಾಲೇಜು ಅನ್ನುವುದು. ಒಂದು ಸಾಕು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ಕಾಲೇಜುಗಳಿವೆ. ಹೆಸರಾದವಕ್ಕೆ ತಲೆಗೆ ಇಷ್ಟು ಅಂತ ಟಿಕೆಟ್, ಎಲ್ಲ ಕಡೆಯೂ ಅಂಗಳ, ಹುಲ್ಲು, ಹುಲ್ಲಿನ ಮೇಲೆ ಕಾಲಿಡಬೇಡಿ ಅನ್ನುವ ಫಲಕ. ಎರಡನೆಯದರ ಹೊತ್ತಿಗೆ ಮಕ್ಕಳು ಕುಂಟಾಟ ಶುರು ಮಾಡುತ್ತಾರೆ, ಹಿರಿಯರು ಬೆಂಚು ಹುಡುಕುತ್ತಾರೆ. ಕಿಂಗ್ಸ್‌ನ ಚಾಪೆಲ್ (ಪ್ರಾರ್ಥನಾ ಮಂದಿರ) ಒಂದಕ್ಕೆ ದುಡ್ಡು ಕೊಡಿ, ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆಯಿರಿ. 1446ರಲ್ಲಿ ಆರನೇ ಹೆನ್ರಿ ಅಡಿಗಲ್ಲು ಹಾಕಿಸಿದ್ದು, ಕಲ್ಲಿನ ಕೆಲಸ ಮುಗಿಯುವ ಹೊತ್ತಿಗೆ 1515. ಚಾವಣಿಯನ್ನು ಮಾತ್ರ ಜಾನ್ ವಾಸ್ಟೆಲ್ ಅನ್ನುವ ಶಿಲ್ಪಿ ಕೊನೆಯ ಮೂರೇ ವರ್ಷದಲ್ಲಿ ಕಟ್ಟಿದ. ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಂಬದಿಂದ ಕಲ್ಲಿನ ಎಳೆಗಳು ಹರಡಿ ನೆತ್ತಿಯಲ್ಲಿ ಸೇರುತ್ತವೆ, ಈ ಬಗೆಯ ಚಾವಣಿಗಳಲ್ಲಿ ಜಗತ್ತಿಗೇ ದೊಡ್ಡದು. ನಮ್ಮಪ್ಪ ಬೇಲೂರಿನ ನವರಂಗದಲ್ಲಿ ನಿಲ್ಲುವ ಹಾಗೆಯೇ ಇಲ್ಲೂ ಕತ್ತೆತ್ತಿ ನಿಂತುಬಿಟ್ಟರು. ಕುರ್ಚಿ ನೋಡಿ ಕೂರಿಸಿ, ಅವಸರ ಮಾಡಬೇಡಿ. ಆಗಸ್ಟಿನಲ್ಲಿ ಕಾಲೇಜಿಗೆ ರಜೆ, ಹಾಗಾಗಿ ಸಂಜೆಯ ಗಾಯನವೃಂದದ ಪ್ರಾರ್ಥನೆ ಸಿಗುವುದಿಲ್ಲ. ಇದನ್ನು ಓದುವ ಬೇರೆಯವರು ಮೇ ತಿಂಗಳ ರಜೆಗೆ ಹೊರಡುವುದಾದರೆ ನೆನಪಿಡಿ: ಅದು ಪರೀಕ್ಷೆಯ ಕಾಲ, ಎಷ್ಟೋ ಕಾಲೇಜುಗಳು ಹೊರಗಿನವರನ್ನು ಬಿಡುವುದೇ ಇಲ್ಲ.

ದೋಣಿಗೆ ಇಲ್ಲಿ ಪಂಟ್ ಅನ್ನುತ್ತಾರೆ: ಚಪ್ಪಟೆ ತಳ, ನದಿಯ ತಳಕ್ಕೆ ಒತ್ತಿ ದೋಣಿ ದೂಡಲು ಸುಮಾರು ಐದು ಮೀಟರ್ ಉದ್ದದ ಗಳು, ಅಂದರೆ ಕೋಲು. ನಡೆಸುವವರು ಹಿಂದಿನ ಅಟ್ಟದ ಮೇಲೆ ನಿಂತಿರುತ್ತಾರೆ. ನಾವೇ ನಡೆಸೋಣ ಅನ್ನುವ ಆಸೆ ರಜಾದಿನ ಬೇಡ, ಕಾಲೇಜುಗಳ ಹಿಂದಿನ ನದಿಯಲ್ಲಿ ದೋಣಿಗೆ ದೋಣಿ ತಾಗುವಷ್ಟು ಜನ. ನಡೆಸುವವರೇ ಇರುವ ಮುಕ್ಕಾಲು ಗಂಟೆಯ ಸುತ್ತು ಹಿಡಿಯಿರಿ, ಬೆಳಗಿನ ಮೊದಲ ಹೊತ್ತಿನದು. ಕೂರುವ ಜಾಗ ಹೆಚ್ಚುಕಡಿಮೆ ನೆಲಮಟ್ಟಕ್ಕೇ ಇರುತ್ತದೆ. ಮಂಡಿನೋವಿನವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟ. ಅತ್ತೆಯವರನ್ನು ಕೊನೆಗೆ ಹತ್ತಿಸಿ, ಮೊದಲು ಇಳಿಸಿ. ಸೇತುವೆ ಬಂದಾಗ ಮಕ್ಕಳ ಕೈ ಅಂಚಿನ ಹೊರಗಿರಬಾರದು.

ಆದರೂ ನಡೆಸಲೇಬೇಕೆಂದು ಯಾರಾದರೂ ಹಟ ಹಿಡಿದರೆ ಇಷ್ಟು ಹೇಳಿಕೊಡಿ. ಗಳುವನ್ನು ದೋಣಿಯ ಪಕ್ಕಕ್ಕೇ ನೆಟ್ಟಗೆ ಕೈಯಲ್ಲಿ ಜಾರಲು ಬಿಡಬೇಕು, ತಳ ಮುಟ್ಟಿದ ಮೇಲೆ ಮೆಲ್ಲಗೆ ಒತ್ತಬೇಕು, ಆಮೇಲೆ ಹಿಂದೆ ನೀರಿನಲ್ಲಿ ಎಳೆಯಲು ಬಿಟ್ಟು ಚುಕ್ಕಾಣಿಯಂತೆ ತಿರುಗಿಸಬೇಕು. ಕೆಸರಿನಲ್ಲಿ ಕಚ್ಚಿಕೊಂಡರೆ ತಿರುಚಿ ಎಳೆಯಿರಿ. ಬರದಿದ್ದರೆ ಕೈಬಿಡಿ, ದೋಣಿಯಲ್ಲಿರುವ ಹುಟ್ಟಿನಿಂದ ಹಿಂದಕ್ಕೆ ಬಂದು ತೆಗೆದುಕೊಳ್ಳಬಹುದು. ಬಿಡದೆ ಹಿಡಿದವರು ನೀರಿಗೆ ಬೀಳುತ್ತಾರೆ.

ಕ್ವೀನ್ಸ್ ಕಾಲೇಜಿನ ಮರದ ಸೇತುವೆಯನ್ನು ನ್ಯೂಟನ್ ಕಟ್ಟಿದ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಅದು ಆದದ್ದು 1749ರಲ್ಲಿ, ನ್ಯೂಟನ್ ತೀರಿಹೋಗಿ ಇಪ್ಪತ್ತೆರಡು ವರ್ಷದ ಮೇಲೆ. ಅವನ ಹೆಸರಿನ ಸೇಬಿನ ಮರ ಟ್ರಿನಿಟಿ ಕಾಲೇಜಿನ ಹೆಬ್ಬಾಗಿಲ ಬಲಗಡೆ ಹುಲ್ಲಿನ ಮೇಲಿದೆ, ಅವನ ಊರಿನ ಮರದ ಕಸಿ. ಅಲ್ಲೇ ರಸ್ತೆಯ ಆಚೆ ಇರುವುದು ಟ್ರಿನಿಟಿಯದೇ ವಸತಿ ಕಟ್ಟಡ, ಹ್ಯೂವೆಲ್ಸ್ ಕೋರ್ಟ್. 1914ರಲ್ಲಿ ಮದ್ರಾಸಿನಿಂದ ಬಂದ ಗಣಿತಜ್ಞ ರಾಮಾನುಜನ್ ಅಲ್ಲಿಯೂ ಇದ್ದು, ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಮಾವನವರಿಗೆ ಅಲ್ಲಿ ನಿಲ್ಲಿಸಿ ಹೇಳಿ. ಇದಕ್ಕೆಲ್ಲ ಟಿಕೆಟ್ ಬೇಕಿಲ್ಲ.

ಮಕ್ಕಳಿಗೆ ಕಿಂಗ್ಸ್ ಪರೇಡ್‌ನ ತುದಿಯ ಕಾರ್ಪಸ್ ಗಡಿಯಾರ ತೋರಿಸಿ: ಚಿನ್ನದ ತಟ್ಟೆ, ಮುಳ್ಳುಗಳಿಲ್ಲ, ಮೇಲೆ ಕೂತ ಕಬ್ಬಿಣದ ಬಣ್ಣದ ದೊಡ್ಡ ಮಿಡತೆ ಬಾಯಿ ತೆರೆದು ಸೆಕೆಂಡುಗಳನ್ನು ತಿನ್ನುತ್ತಿರುತ್ತದೆ. ಸರಿಯಾದ ಹೊತ್ತು ತೋರಿಸುವುದು ಐದು ನಿಮಿಷಕ್ಕೊಮ್ಮೆ ಮಾತ್ರ, ಅದಕ್ಕೇ ಕಾದು ನೋಡಲಿ. ಶೌಚಾಲಯ ಅಂಗಡಿಗಳ ಸಂಕೀರ್ಣವಾದ ಲಯನ್ ಯಾರ್ಡ್‌ನಲ್ಲಿದೆ, ದೋಣಿಗೆ ಮುಂಚೆ ಎಲ್ಲರೂ ಹೋಗಿಬನ್ನಿ. ಮಳೆ ಬಂದರೆ ಡೌನಿಂಗ್ ಸ್ಟ್ರೀಟ್‌ನ ಸೆಜ್ವಿಕ್ ಮ್ಯೂಸಿಯಂ, ಪುಕ್ಕಟೆ, ಡೈನೋಸಾರ್ ಅಸ್ಥಿಪಂಜರವಿದೆ. ಆ ಸೋಮವಾರ ತೆರೆದಿದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ.

ಊಟ ಕಟ್ಟಿಕೊಂಡೇ ಹೋಗಿ. ಕ್ವೀನ್ಸ್ ಕಾಲೇಜಿನ ಪಕ್ಕದ ಸಿಲ್ವರ್ ಸ್ಟ್ರೀಟ್ ಸೇತುವೆ ದಾಟಿ ಸ್ವಲ್ಪ ನಡೆದರೆ ಲಾಮಸ್ ಲ್ಯಾಂಡ್ ಅನ್ನುವ ಬಯಲು, ಅಲ್ಲಿನ ಹುಲ್ಲಿನ ಮೇಲೆ ಯಾರೂ ಏಳಿ ಅನ್ನುವುದಿಲ್ಲ, ಮಕ್ಕಳಿಗೆ ನೀರಾಟದ ಕೊಳವೂ ಇದೆ. ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ.