ಪಟ್ಟಿಯಲ್ಲಿ ಕಿಟಕಿಯೇ ಇಲ್ಲ

ಓದುಗರ ಪತ್ರದ ಸಾರಾಂಶ: ಮತ್ತೊಂದು ಸಾಂಕ್ರಾಮಿಕ ಬಂದರೆ ತಿಂಗಳುಗಟ್ಟಲೆ ಬೀಗ ಹಾಕಿಕೊಂಡು ಕೂರದೆ, ಸುರಕ್ಷಿತವಾಗಿ ತರಗತಿ ನಡೆಸಲು ನಮ್ಮ ಶಾಲೆಯ ಆಡಳಿತ ಮಂಡಳಿ ಯೋಜನೆ ಬರೆಯುತ್ತಿದೆ. ಹಣೆಗೆ ಹಿಡಿಯುವ ಥರ್ಮಾಮೀಟರ್, ಸ್ಯಾನಿಟೈಸರ್, ಕೊಠಡಿಗೆ ಸಿಂಪಡಿಸುವ ಯಂತ್ರ, ಗೇಟಿನಲ್ಲಿ ಸ್ಯಾನಿಟೈಸರ್ ಸುರಂಗ, ಡೆಸ್ಕುಗಳ ನಡುವೆ ಪ್ಲಾಸ್ಟಿಕ್ ಪರದೆ, ಇಷ್ಟನ್ನು ಪಟ್ಟಿ ಮಾಡಿದ್ದೇವೆ. ಏನಾದರೂ ಬಿಟ್ಟುಹೋಗಿದೆಯೇ?

ಸಂಪಾದಕರ ಉತ್ತರ:

ಕಾಯಿಲೆ ಬರುವ ಮೊದಲೇ ಯೋಜನೆ ಬರೆಯಲು ಕೂತಿದ್ದೀರಿ, ಅದಕ್ಕೆ ಅಭಿನಂದನೆ. 2020ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಪಾಠ ನಿಂತಿತ್ತೆಂದು ಯುನೆಸ್ಕೊ ಲೆಕ್ಕ ಕೊಟ್ಟಿತ್ತು. ಮುಚ್ಚುವುದು ಸುಲಭವಾಗಿತ್ತು, ತೆರೆಯುವ ದಾರಿ ಬಹಳಷ್ಟು ಶಾಲೆಗಳಿಗೆ ಗೊತ್ತಿರಲಿಲ್ಲ. ಆದರೆ ನಿಮ್ಮ ಪಟ್ಟಿ ಓದಿ ಬೇಸರವಾಯಿತು. ಕಣ್ಣಿಗೆ ಕಾಣುವ, ಪೋಷಕರಿಗೆ ತೋರಿಸಬಹುದಾದ ಎಲ್ಲವೂ ಅದರಲ್ಲಿದೆ. ಮಕ್ಕಳು ದಿನಕ್ಕೆ ಐದಾರು ಗಂಟೆ ಉಸಿರಾಡುವ ಗಾಳಿಯ ಬಗ್ಗೆ ಒಂದು ಸಾಲೂ ಇಲ್ಲ.

ಕೈ ತೊಳೆಯುವುದು ಒಳ್ಳೆಯದೇ. ಸೋಪು ನೀರು ಇಡಿ, ಅದು ಭೇದಿಯನ್ನೂ ತಡೆಯುತ್ತದೆ. ಯಾರಾದರೂ ವಾಂತಿ ಮಾಡಿಕೊಂಡರೆ ಮೊದಲು ಕೊಳೆ ತೆಗೆದು ಸೋಪಿನಿಂದ ಒರೆಸಿ, ಆಮೇಲೆ ಬ್ಲೀಚ್ ಹಚ್ಚಿ. ಕೊಳೆಯ ಮೇಲೆ ಸುರಿದ ಬ್ಲೀಚ್ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಆಯಾಗಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಗೋಡೆಯ ಮೇಲೆ ಬರೆಸಿ. ಸ್ಯಾನಿಟೈಸರ್ ಸುರಂಗವನ್ನು ಮಾತ್ರ ಪಟ್ಟಿಯಿಂದ ಇವತ್ತೇ ಹೊಡೆದುಹಾಕಿ. ಯಾವ ಸಂದರ್ಭದಲ್ಲೂ ಜನರ ಮೇಲೆ ಸೋಂಕುನಾಶಕ ಸಿಂಪಡಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಹೇಳಿದೆ.

ಉಸಿರಾಟದ ಸೋಂಕು ಹೇಗೆ ಹರಡುತ್ತದೆ ನೋಡಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡದ 61 ಜನ ಒಂದು ಸಂಜೆ ಅಭ್ಯಾಸಕ್ಕೆ ಸೇರಿದರು. 53 ಮಂದಿಗೆ ಕೋವಿಡ್ ಬಂತು, ಇಬ್ಬರು ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ 239 ವಿಜ್ಞಾನಿಗಳು ಸೋಂಕು ಗಾಳಿಯಲ್ಲಿ ತೇಲುತ್ತದೆ, ಒಪ್ಪಿಕೊಳ್ಳಿ ಎಂದು ಬಹಿರಂಗ ಪತ್ರ ಬರೆಯಬೇಕಾಯಿತು. ಮಾತಾಡಿದಾಗ, ಹಾಡಿದಾಗ ಹೊರಬರುವ ಸೂಕ್ಷ್ಮ ಕಣಗಳು ಹೊಗೆಯಂತೆ ಕೊಠಡಿ ತುಂಬುತ್ತವೆ. ನಿಮ್ಮ ಪ್ಲಾಸ್ಟಿಕ್ ಪರದೆಯನ್ನು ಅವು ಸುತ್ತಿಕೊಂಡು ಹೋಗುತ್ತವೆ. ಗಾಳಿಯ ಹರಿವಿಗೆ ಪರದೆಯೇ ಅಡ್ಡ ನಿಂತರೆ ಇನ್ನೂ ಕೆಟ್ಟದ್ದು. ಇತ್ತ, ಕೋವಿಡ್ ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಅಂಟುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಅಂದಾಜಿಸಿತು.

ಹಾಗಾಗಿ ಯೋಜನೆಯ ಮೊದಲ ಪುಟದಲ್ಲಿ ಪ್ರತಿ ಕೊಠಡಿಯ ಉದ್ದ, ಅಗಲ, ಎತ್ತರ ಬರೆಯಿರಿ. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯಲ್ಲಿ 144 ಘನಮೀಟರ್ ಗಾಳಿ ಹಿಡಿಯುತ್ತದೆ. ಗಂಟೆಗೆ ಕನಿಷ್ಠ ಐದು ಸಲ ಅಷ್ಟೂ ಗಾಳಿ ಬದಲಾಗಬೇಕೆಂದರೆ ಗಂಟೆಗೆ 720 ಘನಮೀಟರ್ ಶುದ್ಧ ಗಾಳಿ ಬೇಕು. ಎದುರುಬದುರು ಕಿಟಕಿಗಳಿದ್ದು ಎರಡೂ ಕಡೆ ತೆರೆದರೆ ಸಣ್ಣ ಗಾಳಿಗೂ ಇದು ಸಾಧ್ಯ. ಒಂದೇ ಕಡೆ ಕಿಟಕಿಯಿದ್ದರೆ ಬಾಗಿಲೂ ತೆರೆದಿರಲಿ, ಒಂದು ಕಿಟಕಿಯಲ್ಲಿ ಫ್ಯಾನನ್ನು ಹೊರಮುಖ ಮಾಡಿ ಇಡಿ. ಒಳಗಾಳಿಯನ್ನು ಹೊರದಬ್ಬಿದರೆ ಹೊರಗಾಳಿ ತಾನಾಗಿ ಬರುತ್ತದೆ. ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕಿದರೆ ಇದ್ದ ಗಾಳಿಯೇ ಸುತ್ತುತ್ತದೆ. ಸಾಮಾನ್ಯ ಸ್ಪ್ಲಿಟ್ ಎಸಿಯದೂ ಅದೇ ಕೆಲಸ, ಅದು ತಂಪು ಮಾಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ.

ಸಾಕಾಗುತ್ತಿದೆಯೋ ಇಲ್ಲವೋ ತಿಳಿಯಲು ಇಂಗಾಲದ ಡೈಆಕ್ಸೈಡ್ ಮೀಟರ್ ಕೊಳ್ಳಿ. ಶಾಲೆಗೆ ಒಂದೆರಡಿದ್ದರೂ ಕೊಠಡಿಯಿಂದ ಕೊಠಡಿಗೆ ಒಯ್ಯಬಹುದು. ಅದರಲ್ಲಿ ಎನ್‌ಡಿಐಆರ್ ಸೆನ್ಸರ್, ಅಂದರೆ ಅವಕೆಂಪು ಬೆಳಕಿನಿಂದ ಈ ಅನಿಲವನ್ನೇ ನೇರವಾಗಿ ಅಳೆಯುವ ಸೆನ್ಸರ್, ಇರಬೇಕು. ಅಗ್ಗದ ಕೆಲವು ಮೀಟರ್‌ಗಳು ಬೇರೆ ಅನಿಲಗಳನ್ನು ಗ್ರಹಿಸಿ ಅಂದಾಜಿನ ಸಂಖ್ಯೆ ತೋರಿಸುತ್ತವೆ, ಸ್ಯಾನಿಟೈಸರ್ ವಾಸನೆಗೇ ಏರಿಬಿಡುತ್ತವೆ. ಮೊದಲು ಬಯಲಲ್ಲಿಟ್ಟು ನೋಡಿ, 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಆಸುಪಾಸು ತೋರಿಸಬೇಕು. ಆಮೇಲೆ ಕೂತ ಮಕ್ಕಳ ಮುಖದೆತ್ತರದಲ್ಲಿ, ಕಿಟಕಿಗೂ ಯಾರದೇ ಮೂಗಿಗೂ ತೀರ ಹತ್ತಿರವಾಗದಂತೆ ಇಟ್ಟು, ಪಾಠ ಶುರುವಾದ ಅರ್ಧ ಗಂಟೆಯ ಮೇಲೆ ಓದಿ. 800ರ ಒಳಗಿದ್ದರೆ ಸರಿ. ನಾವು ಹೊರಬಿಡುವ ಉಸಿರಿನಲ್ಲಿ ಈ ಅನಿಲ ಸುಮಾರು 40,000 ಪಿಪಿಎಂ ಇರುತ್ತದೆ. ಅಂದರೆ 800ರಲ್ಲಿ ಒಳಗೆಳೆದುಕೊಳ್ಳುವ ಗಾಳಿಯ ಸುಮಾರು ನೂರರಲ್ಲಿ ಒಂದು ಪಾಲು ಇನ್ನೊಬ್ಬರು ಉಸಿರಾಡಿ ಬಿಟ್ಟದ್ದು. 2,000 ಮುಟ್ಟಿದರೆ ನಾಲ್ಕು ಪಾಲು.

ಮೀಟರ್ ಇದ್ದರೆ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ತರಗತಿ ಬಿಟ್ಟು ಎಲ್ಲರೂ ಹೊರಹೋದ ಮೇಲೆ ಕಿಟಕಿಗಳನ್ನು ಇದ್ದಂತೆಯೇ ಬಿಟ್ಟು ಗಡಿಯಾರ ನೋಡಿ. 1,420 ಇದ್ದದ್ದು 790ಕ್ಕೆ ಇಳಿಯಲು, ಅಂದರೆ ಹೊರಗಿನ ಮಟ್ಟಕ್ಕಿಂತ ಮೇಲಿದ್ದ ಸಾವಿರ 370 ಆಗಲು, 12 ನಿಮಿಷ ಹಿಡಿದರೆ ಗಂಟೆಗೆ ಐದು ಸಲ ಗಾಳಿ ಬದಲಾಗುತ್ತಿದೆ. 30 ನಿಮಿಷ ಹಿಡಿದರೆ ಎರಡೇ ಸಲ.

ಮಳೆ, ಚಳಿ, ಹೊಗೆಯಿಂದ ಕಿಟಕಿ ತೆರೆಯಲಾಗದ ಕೊಠಡಿಗೆ ಹೆಪಾ ಫಿಲ್ಟರ್ (ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಸೋಸುಕ) ಇರುವ ಗಾಳಿ ಶುದ್ಧಕ ಬೇಕು. ಗಂಟೆಗೆ 360 ಘನಮೀಟರ್ ಕೊಡುವ ಎರಡು ಇದ್ದರೆ ಮೇಲಿನ ಕೊಠಡಿಗೆ ಲೆಕ್ಕ ಸರಿಹೋಗುತ್ತದೆ. ಇಲ್ಲೇ ಎಡವುವುದು: ಪೆಟ್ಟಿಗೆಯ ಮೇಲಿನ ಅಂಕಿ ಗರಿಷ್ಠ ವೇಗದ್ದು. ಆ ವೇಗದಲ್ಲಿ ಅದರ ಸದ್ದಿಗೆ ಪಾಠ ಕೇಳಿಸದೆ ಶಿಕ್ಷಕರು ಆರಿಸಿಬಿಡುತ್ತಾರೆ. ದೊಡ್ಡದನ್ನು ಕೊಂಡು ನಿಧಾನ ವೇಗದಲ್ಲಿ ಓಡಿಸಿ. ಅದು ಇಂಗಾಲದ ಡೈಆಕ್ಸೈಡನ್ನು ತೆಗೆಯುವುದಿಲ್ಲ, ಆದ್ದರಿಂದ ಅಲ್ಲಿ ಮೀಟರ್ ಏರಿತೆಂದು ಶುದ್ಧಕವನ್ನು ದೂರಬೇಡಿ.

ಗಾಳಿಯೊಂದಿದ್ದರೆ ಸಾಕೆಂದು ನಾನು ಹೇಳುತ್ತಿಲ್ಲ. 2021ರ ಮೇನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದು ಶಾಲೆಯಲ್ಲಿ ಕಿಟಕಿ ಬಾಗಿಲು ತೆರೆದಿದ್ದವು, ಶುದ್ಧಕವೂ ಇತ್ತು. ಲಸಿಕೆ ಹಾಕಿಸಿಕೊಳ್ಳದ ಶಿಕ್ಷಕರೊಬ್ಬರು ಲಕ್ಷಣ ಕಾಣಿಸಿಕೊಂಡ ಮೇಲೂ ಎರಡು ದಿನ ಬಂದರು, ಮಾಸ್ಕ್ ತೆಗೆದು ಗಟ್ಟಿಯಾಗಿ ಓದಿ ಹೇಳಿದರು. 24 ಮಕ್ಕಳಲ್ಲಿ 12 ಮಕ್ಕಳಿಗೆ ಸೋಂಕು ತಗುಲಿತು. ಮುಂದಿನ ಎರಡು ಸಾಲುಗಳ ಹತ್ತರಲ್ಲಿ ಎಂಟು, ಹಿಂದಿನ ಹದಿನಾಲ್ಕರಲ್ಲಿ ನಾಲ್ಕು. ಥರ್ಮಾಮೀಟರ್‌ಗೆ ಇಟ್ಟ ಹಣವನ್ನು ಬದಲಿ ಶಿಕ್ಷಕರಿಗೆ ಇಡಿ ಎನ್ನುವುದು ಇದಕ್ಕೇ. ರಜೆ ಹಾಕಿದರೆ ಸಂಬಳ ಕಡಿತ ಎಂದಿದ್ದರೆ ಗಂಟಲು ಕೆರೆತವನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಮಕ್ಕಳನ್ನು ದೂರ ದೂರ ಕೂರಿಸಿ ಸಿಬ್ಬಂದಿ ಮಾತ್ರ ಕಿರಿದಾದ ಕೊಠಡಿಯಲ್ಲಿ ಒಟ್ಟಿಗೆ ಊಟಕ್ಕೆ ಕೂರುವುದನ್ನೂ ನಿಲ್ಲಿಸಿ, ಊಟ ಎಲ್ಲರಿಗೂ ಬಯಲಲ್ಲಿರಲಿ.

ನೀರಿನ ಮಾತು ಚುಟುಕಾಗಿ: ವಾರಗಟ್ಟಲೆ ಮುಚ್ಚಿದ್ದ ಕಟ್ಟಡದ ಕೊಳವೆಯಲ್ಲಿ ನಿಂತ ನೀರಿನಲ್ಲಿ ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ತೆರೆಯುವ ಮೊದಲು ಟ್ಯಾಂಕ್ ತೊಳೆಸಿ, ಹೊಸ ನೀರು ಬರುವವರೆಗೆ ಎಲ್ಲ ನಲ್ಲಿಗಳನ್ನೂ ಹರಿಯಬಿಡಿ.

ನನ್ನ ಸಂಕಟ ನಿಮ್ಮ ಪಟ್ಟಿಯದಷ್ಟೇ ಅಲ್ಲ. ಕೊಠಡಿಯಲ್ಲಿ ಇಂಗಾಲದ ಡೈಆಕ್ಸೈಡ್ 1,000 ಪಿಪಿಎಂ ದಾಟಬಾರದೆಂದು ಮ್ಯೂನಿಕ್‌ನ ನೈರ್ಮಲ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಹೇಳಿದ್ದು 1858ರಲ್ಲಿ. ಕ್ಷಯದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಬಳಿಯ ಶಾರ್ಲಾಟೆನ್‌ಬರ್ಗ್‌ನಲ್ಲಿ ನಿಶ್ಶಕ್ತ ಮಕ್ಕಳಿಗೆ ಕಾಡಿನಲ್ಲೇ ಶಾಲೆ ನಡೆಸಿದರು. ಇಷ್ಟೆಲ್ಲ ಗೊತ್ತಿದ್ದೂ ಶಾಲಾ ಕಟ್ಟಡಗಳಿಗೆ ತೆರೆಯಲಾಗದ ಗಾಜು ಕೂರಿಸುತ್ತೇವೆ, ಇದ್ದ ಕಿಟಕಿಗೆ ಬಣ್ಣ ಬಳಿದು ಅಂಟಿಸುತ್ತೇವೆ, ಬೀರು ತಂದು ಅಡ್ಡ ಇಡುತ್ತೇವೆ. ಕುಡಿಯುವ ನೀರನ್ನು ಪರೀಕ್ಷಿಸುತ್ತೇವೆ, ತರಗತಿಯ ಗಾಳಿಯನ್ನು ಅಳೆದು ಫಲಕಕ್ಕೆ ಹಾಕುವ ಶಾಲೆ ಹುಡುಕಿದರೂ ಸಿಗುವುದು ಕಷ್ಟ.

ಆಡಳಿತ ಮಂಡಳಿಯ ಮುಂದಿನ ಸಭೆಗೆ ಮೊದಲು ಒಬ್ಬ ಬಡಗಿಯನ್ನು ಕರೆಸಿ, ತೆರೆಯದ ಕಿಟಕಿಗಳನ್ನೆಲ್ಲ ಎಣಿಸಿ ರಿಪೇರಿ ಮಾಡಿಸಿ. ಮೀಟರ್ ಬಂದ ಮೇಲೆ ಕೊಠಡಿವಾರು ಅಳತೆಗಳನ್ನು ಪತ್ರಿಕೆಗೆ ಕಳುಹಿಸಿ, ಖಂಡಿತ ಪ್ರಕಟಿಸುತ್ತೇವೆ.

ಸಂ.