ಜೂನ್‌ಗೆ ಇಂಟರ್ನ್‌ಶಿಪ್: ಕಾಲೇಜಿನ ಯಾವ ಅಭ್ಯಾಸ ಕೈ ಹಿಡಿಯುತ್ತೆ

ವಿಟಿಯು ಕಾಲೇಜಲ್ಲಿ ಬಿಇ ಮುಗಿಸಿ ಹೋದ ಆಗಸ್ಟ್‌ನಲ್ಲಿ ಎಂಎಸ್‌ಗೆ ಅಮೆರಿಕಕ್ಕೆ ಬಂದಿದ್ದೀರಿ. ಜೂನ್‌ನಿಂದ 12 ವಾರದ ಸಾಫ್ಟ್‌ವೇರ್ ಇಂಟರ್ನ್‌ಶಿಪ್ ಸಿಕ್ಕಿದೆ. ಕಾಲೇಜಲ್ಲಿ ಕಲಿತದ್ದರಲ್ಲಿ ಅಲ್ಲಿ ಉಪಯೋಗಕ್ಕೆ ಬರೋದು ಏನು ಅಂತ ಕೇಳಿದ್ದೀರಿ. ಪಾಠಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಅಭ್ಯಾಸ. ಅದರಲ್ಲೂ ಕೆಲಸ ನಿಂತುಹೋದಾಗ ತಡಮಾಡದೆ ಬಾಯಿಬಿಟ್ಟು ಕೇಳುವ ಅಭ್ಯಾಸ. ಆದರೆ ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ.

ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಒಂದು ಶೈಕ್ಷಣಿಕ ವರ್ಷ ಪೂರ್ಣಾವಧಿ ಓದಿದ ಮೇಲೆ ಸಾಮಾನ್ಯವಾಗಿ ಸಿಪಿಟಿ, ಅಂದರೆ ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ, ಸಿಗುತ್ತೆ. ಆಫರ್ ಲೆಟರ್‌ನಲ್ಲಿ ಕಂಪನಿಯ ವಿಳಾಸ, ಶುರು ಮತ್ತು ಕೊನೆಯ ದಿನ, ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸ, ಇಷ್ಟೂ ಇರಲಿ. ಬಹಳಷ್ಟು ಕಡೆ ಸಿಪಿಟಿಗೆ ಅಂತ ಒಂದು ಇಂಟರ್ನ್‌ಶಿಪ್ ಕೋರ್ಸ್‌ಗೆ ರಿಜಿಸ್ಟರ್ ಆಗಬೇಕು. ಬೇಸಿಗೆಯ ಕ್ರೆಡಿಟ್‌ಗೆ ಫೀಸು ಎಷ್ಟು ಅಂತ ಮುಂಚೆಯೇ ವಿಚಾರಿಸಿ. ನಿಮ್ಮ ಐ-20ಯ (ಯುನಿವರ್ಸಿಟಿ ಕೊಡುವ ವೀಸಾ ದಾಖಲೆ) ಎರಡನೇ ಪುಟದಲ್ಲಿ ಕಂಪನಿ ಹೆಸರು, ತಾರೀಖು ಬರೋವರೆಗೆ ಒಂದು ದಿನವೂ ಕೆಲಸ ಮಾಡಬೇಡಿ, ಓರಿಯೆಂಟೇಶನ್ನಿಗೂ ಕೂರಬೇಡಿ. ಮ್ಯಾನೇಜರ್ "ಒಂದು ವಾರ ಬೇಗ ಬಾ" ಅಂದರೆ ಹೊಸ ತಾರೀಖಿನ ಐ-20 ಬೇಕು. ಪೂರ್ಣಾವಧಿ ಸಿಪಿಟಿ ಒಟ್ಟು 12 ತಿಂಗಳು ಮುಟ್ಟಿದರೆ ಆ ಪದವಿಯ ಓಪಿಟಿ, ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡೋಕೆ ಸಿಗುವ ಅನುಮತಿ, ಹೋಗುತ್ತೆ. ಒಂದು ಬೇಸಿಗೆಯಿಂದ ಆ ಭಯ ಇಲ್ಲ. ಊರು ಬದಲಾಯಿಸಿದ 10 ದಿನದೊಳಗೆ ಯುನಿವರ್ಸಿಟಿಗೆ ಹೊಸ ವಿಳಾಸ ತಿಳಿಸೋದನ್ನ ಮರೀಬೇಡಿ.

ಕ್ಯಾಂಪಸ್ ಕೆಲಸ ಮಾಡಿಲ್ಲದಿದ್ದರೆ ಸೋಶಿಯಲ್ ಸೆಕ್ಯುರಿಟಿ ನಂಬರ್‌ಗೆ ಅರ್ಜಿ ಹಾಕಿ. ಕೆಲಸ ಶುರುವಾಗೋಕೆ 30 ದಿನ ಇರುವಾಗಿನಿಂದ ಹಾಕಬಹುದು. ಪಾಸ್‌ಪೋರ್ಟ್, ಐ-94 (ಅಮೆರಿಕಕ್ಕೆ ಬಂದ ದಾಖಲೆ), ಸಿಪಿಟಿ ನಮೂದಾದ ಐ-20 ಜೊತೆಗಿರಲಿ. ಮೊದಲ ಸಂಬಳದ ಚೀಟಿಯನ್ನ ಸಾಲು ಸಾಲಾಗಿ ಓದಿ: ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆಗಿರುವ ಎಫ್-1 ವಿದ್ಯಾರ್ಥಿಗೆ, ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ, ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ತೆರಿಗೆಯ 6.2% ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆಯ 1.45% ಹಿಡಿಯಬಾರದು. ಎಷ್ಟೋ ಪೇರೋಲ್‌ಗಳಲ್ಲಿ ಗೊತ್ತಿಲ್ಲದೆ ಹಿಡಿದುಬಿಡ್ತಾರೆ. ಆಗಲೇ ಎಚ್‌ಆರ್‌ಗೆ ಬರೆದರೆ ವಾಪಸ್ ಬರುತ್ತೆ. ಬಿಟ್ಟರೆ ಆಮೇಲೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ 843, 8316 ಫಾರಂ ತುಂಬಿ ತಿಂಗಳುಗಟ್ಟಲೆ ಕಾಯಬೇಕು.

ಈಗ ಕೆಲಸದ ವಿಚಾರ. ನಮ್ಮ ಕಾಲೇಜುಗಳಲ್ಲಿ ಇಂಟರ್ನಲ್ಸ್‌ಗೆ ಹಿಂದಿನ ರಾತ್ರಿ ಕೂತು ಓದಿ ಗೆದ್ದವರೇ ಹೆಚ್ಚು. ಈ ಅಭ್ಯಾಸ ಇಲ್ಲಿ ಮುಳುಗಿಸುತ್ತೆ. ಕೋಡ್ ಬರೆದು ಮುಗಿಸಿದರೆ ಕೆಲಸ ಮುಗಿದಂತಲ್ಲ. ರಿವ್ಯೂಗೆ ಎರಡು ಮೂರು ದಿನ, ಇನ್ನೊಂದು ತಂಡದ ಡೇಟಾಬೇಸ್ ಪರ್ಮಿಶನ್‌ಗೆ ಕೆಲವು ಸಲ ಒಂದು ವಾರವೇ ಹಿಡಿಯುತ್ತೆ. ಜುಲೈ 4ರ ಆಸುಪಾಸು ಅರ್ಧ ತಂಡ ರಜೆಯಲ್ಲಿರುತ್ತೆ. ಆದ್ದರಿಂದ ಹತ್ತನೇ ವಾರಕ್ಕೆ ನಿಮ್ಮ ಕೋಡ್ ತಂಡದ ಮುಖ್ಯ ಕೋಡಿನೊಳಗೆ ಸೇರಿರಲಿ. ಉಳಿದ ಎರಡು ವಾರ ಟೆಸ್ಟ್, ದಾಖಲೆ, ಡೆಮೊಗೆ. ಸಾವಿರಾರು ಸಾಲನ್ನ ಒಟ್ಟಿಗೆ ಕಳಿಸಿದರೆ ಯಾರೂ ಸರಿಯಾಗಿ ನೋಡಲ್ಲ, ಇನ್ನೂರು ಸಾಲಿನ ತುಂಡುಗಳಾಗಿ ಕಳಿಸಿ.

ಪ್ರೊಫೆಸರ್‌ಗಳ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳ ಪ್ರಶ್ನೆಗೆ ಮೀಸಲಿಟ್ಟ ಸಮಯ) ಹೋಗಿ ಕೇಳೋದನ್ನ ಈ ಎರಡು ಸೆಮಿಸ್ಟರಲ್ಲಿ ಕಲಿತಿದ್ದರೆ ಅದೇ ನಿಮ್ಮ ದೊಡ್ಡ ಬಂಡವಾಳ. ಮುಕ್ಕಾಲು ಗಂಟೆ ಹೆಣಗಿದರೂ ದಾರಿ ಕಾಣದಿದ್ದರೆ ಮೆಂಟರ್‌ಗೆ ಬರೆಯಿರಿ. ಬರೀ "ಇದು ವರ್ಕ್ ಆಗ್ತಿಲ್ಲ" ಅಂತಲ್ಲ. ಹೀಗೆ: "ಆರ್ಡರ್ ಸರ್ವಿಸ್ ಲೋಕಲ್‌ನಲ್ಲಿ ಶುರು ಮಾಡ್ತಿದ್ದೇನೆ, ಈ ಕಮಾಂಡ್ ಕೊಟ್ಟೆ, 403 (ಪ್ರವೇಶ ಇಲ್ಲ) ಎರರ್ ಬಂತು. ಟೋಕನ್ ಹೊಸದೇ, ವಿಪಿಎನ್ ಆನ್ ಇದೆ. ನನ್ನ ಗ್ರೂಪ್‌ಗೆ ಪರ್ಮಿಶನ್ ಇಲ್ಲವೇನೋ ಅನ್ನೋ ಅನುಮಾನ. ಎಲ್ಲಿ ನೋಡಲಿ?" ಇಂಥದ್ದಕ್ಕೆ ಎರಡು ನಿಮಿಷದಲ್ಲಿ ಉತ್ತರ ಬರುತ್ತೆ. ಕೇಳಿದರೆ ದಡ್ಡ ಅಂದುಕೊಳ್ತಾರೆ ಅನ್ನೋ ಅಂಜಿಕೆ ನಮ್ಮವರಿಗೆ ಜಾಸ್ತಿ. ಮೂರು ದಿನ ಸುಮ್ಮನಿದ್ದು ಸ್ಟ್ಯಾಂಡ್‌ಅಪ್‌ನಲ್ಲಿ (ತಂಡದ ದಿನದ ಪುಟ್ಟ ಸಭೆ) "ನಡೀತಿದೆ" ಅನ್ನೋದು ಅದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ಅಂದಹಾಗೆ, ಮ್ಯಾನೇಜರನ್ನ "ಸರ್" ಅನ್ನಬೇಡಿ, ಎಲ್ಲರೂ ಕರೆಯೋ ಹಾಗೆ ಹೆಸರು ಹಿಡಿದೇ ಕರೆಯಿರಿ.

ಲ್ಯಾಬ್ ರೆಕಾರ್ಡ್ ಬರೆದ ಕೈಗೆ ಇನ್ನೊಂದು ಕೆಲಸ: ದಿನಾ ಸಂಜೆ ನಾಲ್ಕು ಸಾಲು. ಏನು ಮಾಡಿದೆ, ಏನು ನಿಂತಿದೆ, ಯಾರು ಏನು ತೀರ್ಮಾನಿಸಿದರು, ನಾಳೆ ಏನು. ಆರನೇ ವಾರದ ಹೊತ್ತಿಗೆ ಮಧ್ಯದ ರಿವ್ಯೂ ಬಂದಾಗ ಇದನ್ನಿಟ್ಟುಕೊಂಡೇ ಮಾತಾಡಬಹುದು. ಆಗ "ಇಂಟರ್ನ್‌ಶಿಪ್ ಇವತ್ತೇ ಮುಗಿದರೆ ಖಾಯಂ ಆಫರ್ ಕೊಡ್ತೀರಾ, ಇಲ್ಲದಿದ್ದರೆ ಏನು ಕಡಿಮೆ?" ಅಂತ ನೇರವಾಗಿ ಕೇಳಿ, ತಿದ್ದಿಕೊಳ್ಳೋಕೆ ಆರು ವಾರ ಕೈಯಲ್ಲಿರುತ್ತೆ. ಕೊನೆಯ ಡೆಮೊ ವೈವಾ ಇದ್ದ ಹಾಗೆಯೇ: ಯಾಕೆ ಹೀಗೆ ಮಾಡಿದಿರಿ, ಬೇರೆ ದಾರಿ ಯಾಕೆ ಬಿಟ್ಟಿರಿ ಅನ್ನೋ ಪ್ರಶ್ನೆಗಳೇ ಬರೋದು.

ಸೀನಿಯರ್‌ಗಳ ಕೋಡ್ ಇಸ್ಕೊಳ್ಳೋದು, ನಮ್ಮದನ್ನ ಗಿಟ್‌ಹಬ್‌ಗೆ ಹಾಕೋದು ಕಾಲೇಜಲ್ಲಿ ಸಹಜ. ಇಲ್ಲಿ ಕಂಪನಿಯ ಒಂದು ಫೈಲನ್ನೂ ಸ್ವಂತ ಲ್ಯಾಪ್‌ಟಾಪಿಗೆ, ಸ್ವಂತ ಈಮೇಲ್‌ಗೆ ಕಳಿಸಬೇಡಿ. ಕೆಲಸ ಹೋಗುತ್ತೆ, ಕೆಲಸದ ಜೊತೆ ಸಿಪಿಟಿಯೂ.

ಕೊನೆಯ ವಾರ, ಅಕೌಂಟ್ ಮುಚ್ಚೋಕೆ ಮೊದಲು ಎಲ್ಲಾ ಸಂಬಳದ ಚೀಟಿ ಇಳಿಸಿಟ್ಟುಕೊಳ್ಳಿ. ಪೇರೋಲ್‌ನಲ್ಲಿ ಕ್ಯಾಂಪಸ್ ವಿಳಾಸ ಹಾಕಿ, ಈಮೇಲ್ ಸ್ವಂತದ್ದಕ್ಕೆ ಬದಲಾಯಿಸಿ. ಜನವರಿಯಲ್ಲಿ ಬರುವ ಡಬ್ಲ್ಯು-2 (ವರ್ಷದ ಸಂಬಳ, ಹಿಡಿದ ತೆರಿಗೆಯ ಪತ್ರ) ಬೇಸಿಗೆಯಲ್ಲಿ ಬಾಡಿಗೆಗಿದ್ದ ಮನೆಗೆ ಹೋದರೆ, ಏಪ್ರಿಲ್ 15ರೊಳಗೆ 1040-ಎನ್‌ಆರ್ (ನಾನ್‌ರೆಸಿಡೆಂಟ್‌ಗಳ ತೆರಿಗೆ ರಿಟರ್ನ್) ಹಾಕೋದು ವೃಥಾ ತಲೆನೋವಾಗುತ್ತೆ.